ಊಟಕ್ಕೊಂದು ಸದ್ದು

ಶಹಾಬಾದಿನ ನನ್ನ ಗೆಳೆಯ ಖಾಜಾನ ಮಗಳ ಜಡೆಯ ತುದಿಯಲ್ಲಿ ಒಂದು ಹಸಿರು ರಬ್ಬರ್ ಬ್ಯಾಂಡ್ ಇದೆ. ಅದು ಇಂಡೋನೇಷ್ಯಾದ ಜಾವಾ ದ್ವೀಪದಿಂದ ಬಂದದ್ದು. ಹುಡುಗಿಗೆ ಅದು ಗೊತ್ತಿಲ್ಲ, ಗೊತ್ತಾದರೂ ಅವಳಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಮೊನ್ನೆ ಅವರ ಮನೆಗೆ ಹೋದಾಗ ನನ್ನ ಮುಂದೆ ನೀರಿನ ಲೋಟ ಇಟ್ಟು ತಿರುಗಿದಳು. ಜಡೆ ಬೆನ್ನ ಮೇಲೆ ಅತ್ತಿತ್ತ ಆಡಿತು. ನಾನು ನೀರು ಕುಡಿಯುವುದನ್ನೇ ಮರೆತೆ.  ಒಂದು ರಬ್ಬರ್ ಬ್ಯಾಂಡಿಗೆ ಹೆದರುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಯಾಕೆ ಅಂತ ಹೇಳುತ್ತೇನೆ, ಆದರೆ ಹೇಳಿದ್ದನ್ನೆಲ್ಲ ನಂಬಬೇಡಿ. ನಾನೇ ನಂಬುವುದಿಲ್ಲ.

ನಂಬದಿರುವುದು ನನಗೆ ವಿಶ್ವವಿದ್ಯಾಲಯ ಕಲಿಸಿದ ವಿದ್ಯೆ. ಧಾರವಾಡದಲ್ಲಿ ಓದುವಾಗ ಮೊದಲು ದೇವರನ್ನು ನಂಬುವುದು ಬಿಟ್ಟೆ, ಆಮೇಲೆ ಪೇಪರಿನ ಸುದ್ದಿಯನ್ನು, ಆಮೇಲೆ ಪ್ರೊಫೆಸರುಗಳನ್ನು. ನನ್ನ ನೆನಪೊಂದು ಉಳಿದಿತ್ತು. ಅದೂ ಕೈಕೊಟ್ಟಿತು. ಚಿಕ್ಕಂದಿನಲ್ಲಿ ಮಳಖೇಡದ ಕೋಟೆಯ ಕೆಳಗೆ ಕಾಗಿಣಾ ನದಿಯಲ್ಲಿ ಜಾರಿ ಬಿದ್ದದ್ದು, ಯಾರೋ ಕೂದಲು ಹಿಡಿದು ದಡಕ್ಕೆ ಎಳೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಬಿದ್ದವನು ನೀನಲ್ಲ, ನಿಮ್ಮಣ್ಣ ಎಂದು ಅವ್ವ ಹೇಳುತ್ತಾಳೆ. ನಾನು ಆಗ ಹುಟ್ಟಿಯೇ ಇರಲಿಲ್ಲವಂತೆ. ಮೂಗಿಗೆ ನೀರೇರಿದ ಉರಿ ಮಾತ್ರ ಇಂದಿಗೂ ನನ್ನದೇ. ಇಂಥ ನೆನಪು ಇಟ್ಟುಕೊಂಡು ನಾನು ಎರಡು ವರ್ಷದ ಊಟದ ಕಥೆ ಹೇಳಲು ಕುಳಿತಿದ್ದೇನೆ.

ಊಟ ಅಂದರೆ ನಮ್ಮ ಕಡೆ ಅದಕ್ಕೆ ಸದ್ದು ಇರಬೇಕು. ಬಿಸಿ ರೊಟ್ಟಿ ಮೆತ್ತಗಿರುತ್ತದೆ, ಅದರ ಮಾತು ಬೇರೆ. ಎಳ್ಳು ಹಚ್ಚಿ, ಕಾಗದದಷ್ಟು ತೆಳ್ಳಗೆ ತಟ್ಟಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ಕಡಕ್ ರೊಟ್ಟಿಯನ್ನು ಬಾಯಿ ಮುಚ್ಚಿ ತಿಂದರೂ ಅದು ಸುಮ್ಮನಿರುವುದಿಲ್ಲ. ಚಿತ್ತಾಪುರದ ನಮ್ಮ ಮನೆಯಲ್ಲಿ ಅಡುಗೆಮನೆಯ ಬುಟ್ಟಿಯಿಂದ ಯಾರು ಕದ್ದು ರೊಟ್ಟಿ ಮುರಿದರೂ ಪಡಸಾಲೆಯಲ್ಲಿ ಕುಳಿತ ಅವ್ವನಿಗೆ ಕೇಳಿಸುತ್ತಿತ್ತು. ಮುರಿದ ಸದ್ದಿನ ಮೇಲೆ ಕದ್ದವನು ಅಣ್ಣನೋ ನಾನೋ ಎಂದು ಹೇಳುತ್ತಿದ್ದಳು. ಅಣ್ಣ ಒಂದೇ ಸಲಕ್ಕೆ ಎರಡು ಹೋಳು ಮಾಡುತ್ತಿದ್ದ. ನಾನು ಹೆದರಿ ಹೆದರಿ ಚೂರು ಚೂರು ಮುರಿಯುತ್ತಿದ್ದೆ, ಹಾಗಾಗಿ ಹೆಚ್ಚು ಸದ್ದಾಗುತ್ತಿತ್ತು.

ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಲು ಜಾವಾಕ್ಕೆ ಹೋಗುತ್ತೇನೆ ಎಂದಾಗ ಓಣಿಯಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ. ಅಲ್ಲಿಗೂ ಓದಲು ಹೋಗುತ್ತಾರೇನು ಎಂದು ಕೇಳಿದವರೇ ಎಲ್ಲ. ವಿದ್ಯಾರ್ಥಿವೇತನ ಕೊಟ್ಟ ಕಡೆ ಹೊರಟಿದ್ದೆ, ಅಷ್ಟೆ. ಅವ್ವನಿಗೆ ಇದ್ದದ್ದು ಒಂದೇ ಚಿಂತೆ, ಅಲ್ಲಿ ಏನು ತಿನ್ನುತ್ತಾನೆ ಎಂಬುದು. ಕಡಕ್ ರೊಟ್ಟಿಯ ದೊಡ್ಡದೊಂದು ಗಂಟು, ಶೇಂಗಾ ಕುಟ್ಟಿ ಮಾಡಿದ ಚಟ್ನಿಪುಡಿ, ಅಂದರೆ ನಮ್ಮ ಶೇಂಗಾ ಹಿಂಡಿ, ಚಿಂಚೋಳಿ ಕಡೆಯ ಸೋದರಮಾವನ ಹೊಲದ ತೊಗರಿಬೇಳೆ, ಎಲ್ಲ ಕಟ್ಟಿದಳು. ಕೊರಳಿಗೆ ಲಿಂಗದ ಕರಡಿಗೆ ಸರಿಯಾಗಿದೆಯೇ ಎಂದು ಅಂಗಿಯ ಗುಂಡಿ ಬಿಚ್ಚಿ ನೋಡಿದಳು. ವಾಡಿ ಜಂಕ್ಷನ್ ದಾಟುವವರೆಗೆ ಅದು ಕೊರಳಲ್ಲೇ ಇತ್ತು. ಆಮೇಲೆ ಬ್ಯಾಗಿನಲ್ಲಿ, ತೊಗರಿಬೇಳೆಯ ಪಕ್ಕದಲ್ಲಿ ಪ್ರಯಾಣ ಮಾಡಿತು.

ಜಾವಾದ ಬಿಸಿಲು ನನಗೇನೂ ಹೊಸದಲ್ಲ ಎಂದುಕೊಂಡಿದ್ದೆ. ಚಿತ್ತಾಪುರದ ಏಪ್ರಿಲ್ ಕಂಡವನಿಗೆ ಯಾವ ಬಿಸಿಲು ಏನು ಮಾಡೀತು? ಆದರೆ ನಮ್ಮದು ಒಣ ಬಿಸಿಲು, ಹಾಸುಗಲ್ಲಿನದು. ಅಲ್ಲಿಯದು ಒದ್ದೆ ಬಿಸಿಲು. ಬಟ್ಟೆ ಒಣಗುವುದಿಲ್ಲ, ಉಪ್ಪು ಡಬ್ಬಿಯಲ್ಲೇ ಅಳುತ್ತದೆ. ಹೋದ ಎರಡನೇ ದಿನ ಹಸಿವಾಗಿ ಗಂಟು ಬಿಚ್ಚಿ ರೊಟ್ಟಿ ಎತ್ತಿದೆ. ಅದು ಕರವಸ್ತ್ರದ ಹಾಗೆ ಜೋತುಬಿತ್ತು. ಮುರಿದರೆ ಮುರಿಯಲಿಲ್ಲ, ಬಾಗಿತು. ಅಷ್ಟು ವರ್ಷ ತಿಂದ ರೊಟ್ಟಿ ಮಾತು ಕಳೆದುಕೊಂಡು ನನ್ನ ಕೈಯಲ್ಲಿ ಕುಳಿತಿತ್ತು. ಯಾರೋ ಸತ್ತ ಸುದ್ದಿ ಕೇಳಿದವನಂತೆ ಮಂಚದ ಮೇಲೆ ಕುಳಿತುಬಿಟ್ಟೆ. ಫೋನಿನಲ್ಲಿ ಅವ್ವನಿಗೆ ಹೇಳಿದೆ.

“ರೊಟ್ಟಿ ಮೆತ್ತಗಾಗ್ತಾದ ಅಂದ್ರ ಅದು ಎಂಥಾ ದೇಶನೋ ಶರಣೂ?” ಅಂದಳು.

ಆ ದೇಶ ಎಂಥದ್ದು ಎಂದು ನನಗೆ ತೋರಿಸಿದವಳು ಶ್ರೀ. ಅಲ್ಲಿಯ ಹೆಂಗಸರಿಗೂ ಶ್ರೀ ಎಂದು ಹೆಸರಿಡುತ್ತಾರೆ ಎಂಬುದೇ ನನಗೊಂದು ಬೆರಗು. ನಮ್ಮ ಹಾಸ್ಟೆಲಿನ ಗಲ್ಲಿಯ ಕೊನೆಗೆ ಅವಳದೊಂದು ಸಣ್ಣ ಖಾನಾವಳಿ ಇತ್ತು. ಎರಡು ಉದ್ದನೆ ಬೆಂಚು, ಗಾಜಿನ ಹಿಂದೆ ಸಾಲಾಗಿ ಇಟ್ಟ ಬೋಗುಣಿಗಳು. ವಯಸ್ಸಿನಲ್ಲಿ ಅವ್ವನಷ್ಟೇ. ದೊಡ್ಡ ಹೆಂಗಸರನ್ನು ಅಲ್ಲಿ ಹೆಸರಿಗೆ ಮೊದಲು ‘ಬು’ ಸೇರಿಸಿ ಕರೆಯುತ್ತಾರೆ, ನಾವು ಅವ್ವ ಅಂದ ಹಾಗೆ. ಬು ಶ್ರೀಯ ಮೇಜಿನ ಮೇಲೆ ಮುಂಭಾಗಕ್ಕೆ ಗಾಜು ಹಾಕಿದ ಒಂದು ಚೌಕ ತಗಡಿನ ಡಬ್ಬಿ. ಅದರೊಳಗೆ ಬೆಳ್ಳಗೆ, ಸುರುಳಿ ಸುರುಳಿಯಾಗಿ, ನಮ್ಮ ಮನೆಯ ಕುರಡಗಿ! ಗೋಧಿ ಹಾಲು ಕಾಸಿ, ಒತ್ತಿ, ಮಾಳಿಗೆಯ ಮೇಲೆ ಒಣಗಿಸಿ, ಹಬ್ಬಕ್ಕೆ ಕರಿಯುತ್ತೇವಲ್ಲ, ಸಾಕ್ಷಾತ್ ಅದೇ. ಒಂದು ತೆಗೆದು ಕಡಿದೆ. ಖರ್ ಎಂದಿತು. ರೊಟ್ಟಿಯದು ಕಟಂ, ಇದರದು ಖರ್. ಆದರೂ ಎರಡು ದಿನದ ಮೌನದ ಮೇಲೆ ಬಾಯೊಳಗೆ ಒಂದು ಸದ್ದು ಕೇಳಿದ್ದಕ್ಕೆ ನನಗೆ ಕಣ್ಣಲ್ಲಿ ನೀರು ಬಂತು. ಅಥವಾ ಖಾರಕ್ಕೆ ಬಂದಿರಬೇಕು. ನೋಡಿ, ಇಂಥ ಕಡೆಯೇ ನನ್ನ ನೆನಪು ನಂಬಿಕೆಗೆ ಬಾರದು.

ಅದರ ಹೆಸರು ಕೆರುಪುಕ್. ಅಲ್ಲಿಯವರು ಅದಿಲ್ಲದೆ ಉಣ್ಣುವುದಿಲ್ಲ. ಅವರಿಗೂ ಊಟಕ್ಕೆ ಸದ್ದು ಬೇಕು. ಅಷ್ಟು ದೂರ ಹೋಗಿ ನಮ್ಮವರನ್ನೇ ಕಂಡ ಹಾಗಾಯಿತು.

ಮೀನು ಬೇಡ, ಮಾಂಸ ಬೇಡ ಎಂದು ಬು ಶ್ರೀಗೆ ಮೊದಲ ದಿನವೇ ಹೇಳಿದೆ. ಕಾಯಿಲೆಯವನನ್ನು ನೋಡುವಂತೆ ನೋಡಿದಳು. ನನಗೆ ದೇವರ ಭಯವೇನೂ ಇರಲಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ತತ್ತಿ ತಿಂದು ಕ್ರಾಂತಿ ಮಾಡಿದವನೇ ನಾನು. ಆದರೆ ಕ್ರಾಂತಿ ತತ್ತಿಗೇ ನಿಂತುಬಿಟ್ಟಿತ್ತು. ನಾಲಿಗೆ ಅದರ ಮುಂದೆ ಹೋಗಲು ಒಪ್ಪಲಿಲ್ಲ. ಅಂದಿನಿಂದ ಅವಳು ನನಗಾಗಿ ಒಂದು ಬೋಗುಣಿ ಬೇರೆ ಇಡತೊಡಗಿದಳು.

ಅವಳ ಕೈಯ ಪೆಚೆಲ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬೇಯಿಸಿದ ಸೊಪ್ಪು, ಅವರೆ ಕಾಯಿಯಂಥ ಉದ್ದ ಕಾಯಿ, ಮೊಳಕೆ ಕಾಳು, ಅದರ ಮೇಲೆ ಅರೆದ ಶೇಂಗಾದ ಗಟ್ಟಿ ರಸ. ನಮ್ಮ ಶೇಂಗಾ ಹಿಂಡಿಯೇ ಬೆಲ್ಲ ತಿಂದು, ನೀರಲ್ಲಿ ಮಿಂದು ಬಂದ ಹಾಗೆ. ಎಳೆ ಹಲಸಿನಕಾಯಿಯನ್ನು ಬೆಲ್ಲದಲ್ಲಿ ದಿನವಿಡೀ ಬೇಯಿಸಿ ಕಂದುಬಣ್ಣಕ್ಕೆ ತಂದು ಅನ್ನಕ್ಕೆ ಹಾಕುತ್ತಿದ್ದಳು. ಪಲ್ಯ ಸಿಹಿ ಇರಬಹುದು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಆಮೇಲೆ ಎರಡೆರಡು ಸಲ ಹಾಕಿಸಿಕೊಂಡೆ. ಕೆಂಪು ಮೆಣಸಿನಕಾಯಿಯ ಖಾರವನ್ನು ಕಪ್ಪು ಕಲ್ಲಿನ ತಟ್ಟೆಯಲ್ಲಿ ಕಣ್ಣೆದುರೇ ಅರೆಯುತ್ತಿದ್ದಳು. ಅರೆಯುವಾಗ ಕಪ್ಪನೆಯ, ಅಂಟಂಟಾದ ಒಂದು ಚೂರು ಸೇರಿಸುತ್ತಿದ್ದಳು. ಹುಣಸೆಹಣ್ಣು ಎಂದುಕೊಂಡೆ. ಆಹಾರ ವಿಜ್ಞಾನದ ವಿದ್ಯಾರ್ಥಿ ನಾನು, ಇದನ್ನು ಮರೆಯಬೇಡಿ.

ಓದಿನ ಕಡೆಯೂ ನಡೆದದ್ದು ಊಟವೇ. ಸೋಯಾ ಕಾಳಿಗೆ ಬೂಸ್ಟು ಹಿಡಿಸಿ ಅಲ್ಲಿ ತೆಂಪೆ ಎಂಬ ಬಿಲ್ಲೆ ಮಾಡುತ್ತಾರೆ. ಅದನ್ನು ಕತ್ತರಿಸಿ ಕರಿದರೆ ಮಿರ್ಚಿ ಭಜಿಗೂ ಅದಕ್ಕೂ ಜಗಳ ಹಚ್ಚಬಹುದು. ನಮ್ಮ ತೊಗರಿಬೇಳೆಗೆ ಬೂಸ್ಟು ಹಿಡಿಸುವುದೇ ನನ್ನ ಸಂಶೋಧನೆ. ಸೋದರಮಾವನ ಬೇಳೆಯನ್ನು ಬು ಶ್ರೀಯ ಹಿತ್ತಿಲಲ್ಲಿ ಬಾಳೆ ಎಲೆಯಲ್ಲಿ ಸುತ್ತಿಟ್ಟು, ಅದು ಬೆಳ್ಳಗೆ ಹತ್ತಿಯಂತೆ ಅರಳಿದ ಬೆಳಿಗ್ಗೆ ಹೆಮ್ಮೆಯಿಂದ ಅವ್ವನಿಗೆ ಫೋನಿನಲ್ಲಿ ತೋರಿಸಿದೆ. ಬೂಸ್ಟು ಹತ್ತಿದ್ದನ್ನು ನಾವು ಎಮ್ಮೆಗೂ ಹಾಕುವುದಿಲ್ಲ, ಇದನ್ನು ಕಲಿಯಲು ವಿಮಾನ ಹತ್ತಬೇಕಿತ್ತೇ ಎಂದು ಅವಳು ಕೇಳಿದಳು. ಅದಕ್ಕೆ ತೋರಿಸಲು ನನ್ನ ಬಳಿ ಪದವಿ ಮಾತ್ರ ಇದೆ.

ಹೊರಡುವ ಹಿಂದಿನ ದಿನ ಬು ಶ್ರೀಗೆ ಹೇಳಿದೆ: ಕರಿಯದ ಕೆರುಪುಕ್ ಎರಡು ಪೊಟ್ಟಣ ಬೇಕು, ನನ್ನ ಗೆಳೆಯನಿಗೆ ಸೀಗಡಿಯದು, ನನ್ನ ತಾಯಿಗೆ ಬರೀ ಹಿಟ್ಟಿನದು. ಸೀಗಡಿ ಹಾಕಿ ಮಾಡಿದ್ದೂ ಇರುತ್ತದೆ, ಹಾಕದ್ದೂ ಇರುತ್ತದೆ ಎಂಬುದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಎರಡೂ ನೋಡಲು ಸಣ್ಣ ಹಪ್ಪಳದ ಬಿಲ್ಲೆಗಳೇ. ಅವಳು ಎರಡು ಪ್ಲಾಸ್ಟಿಕ್ ಚೀಲ ತುಂಬಿ, ಮುಂಗೈಗೆ ಹಾಕಿಕೊಂಡಿದ್ದ ರಬ್ಬರ್ ಬ್ಯಾಂಡ್ ತೆಗೆದು ಬಾಯಿ ಕಟ್ಟಿದಳು. ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು. ಯಾವುದು ಯಾವುದು ಎಂದು ನಾನು ಕೇಳಲಿಲ್ಲ. ಕೇಳುವುದೇನಿದೆ? ನಮ್ಮ ದೇಶದಲ್ಲಿ ಬಿಸ್ಕೀಟಿನಿಂದ ಹಿಡಿದು ಹಲ್ಲಿನ ಪೇಸ್ಟಿನವರೆಗೆ ಎಲ್ಲದರ ಮೇಲೂ ಹಸಿರು ಚುಕ್ಕೆ ಹುಡುಕಿ ಹುಡುಕಿ ಬೆಳೆದ ಕಣ್ಣು ನನ್ನದು. ಹಸಿರು ಎಂದರೆ ಶಾಕಾಹಾರ, ಕೆಂಪು ಎಂದರೆ ಮಾಂಸಾಹಾರ. ಬು ಶ್ರೀ ಎಷ್ಟು ತಿಳಿವಳಿಕೆಯವಳು ಎಂದು ಮೆಚ್ಚಿಕೊಂಡೆ. ಆ ಚುಕ್ಕೆ ಅವಳು ಜನ್ಮದಲ್ಲಿ ನೋಡಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಎಲ್ಲವನ್ನೂ ಸಂಶಯಿಸುವವನು ಒಂದು ರಬ್ಬರ್ ಬ್ಯಾಂಡನ್ನು ಕಣ್ಣುಮುಚ್ಚಿ ನಂಬಿದೆ.

ಊರಿಗೆ ಬಂದು ಹಸಿರನ್ನು ಅವ್ವನಿಗೆ ಕೊಟ್ಟೆ, ಕೆಂಪನ್ನು ಶಹಾಬಾದಿಗೆ ಒಯ್ದು ಖಾಜಾನಿಗೆ ಕೊಟ್ಟೆ. ಹೀಗೆಂದು ನನ್ನ ನೆನಪು ಹೇಳುತ್ತದೆ. ಕಾಗಿಣಾದಲ್ಲಿ ಮುಳುಗಿದ್ದೆ ಎಂದು ಹೇಳುವುದೂ ಇದೇ ನೆನಪು.

ಸೇಡಂನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಪ್ಯಾಸೆಂಜರ್ ರೈಲಿನಲ್ಲಿ ಚಿತ್ತಾಪುರದಿಂದ ಹೋಗುವುದು, ಸಂಜೆ ಬರುವುದು. ಶ್ರಾವಣದ ಕಡೆಯ ಸೋಮವಾರ ಸಂಜೆ ಸೇಡಂ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಅವ್ವನ ಫೋನು ಬಂತು. ಆ ಸೋಮವಾರ ನಮ್ಮ ಮನೆಗೆ ಅಯ್ಯನವರು ಊಟಕ್ಕೆ ಬರುವುದು ಅಜ್ಜನ ಕಾಲದಿಂದ ನಡೆದದ್ದು. ಭಂಕೂರಿನ ಜಂಗಮರು, ಎಪ್ಪತ್ತು ದಾಟಿದವರು, ಹೆಗಲಿಗೆ ಜೋಳಿಗೆ. ಅವರು ಪೂಜೆ ಮಾಡಿ, ಉಂಡು, ಪ್ರಸಾದ ಕೊಟ್ಟ ಮೇಲೆಯೇ ಅವ್ವ ಬಾಯಿಗೆ ನೀರು ಹಾಕುವುದು.

“ನೀ ತಂದಿದ್ದ ಹಪ್ಪಳ ಇವತ್ತ ಕರದೆ ನೋಡು. ಎಣ್ಣ್ಯಾಗ ಬಿಟ್ರ ಹೂ ಅರಳಿದಂಗ ಅರಳ್ತಾವ. ಅಯ್ಯನೋರು ಭಾಳ ಖುಷಿ ಆದ್ರು. ಎರಡ ಸಲ ಕೇಳಿ ಹಾಕಿಸ್ಕೊಂಡ್ರು,” ಅಂದಳು.

ನನಗೂ ಖುಷಿಯಾಯಿತು. ಬು ಶ್ರೀಯ ಕೈರುಚಿ ಭಂಕೂರಿನ ಅಯ್ಯನವರನ್ನು ಮುಟ್ಟಿತಲ್ಲ ಎಂದು. ಸುಮ್ಮನೆ, ನಗುತ್ತ, ಹಸಿರು ರಬ್ಬರಿನದು ತಾನೇ ಎಂದು ಕೇಳಿದೆ.

“ಹಪ್ಪಳದ ಸುದ್ದಿ ಹೇಳಿದ್ರ ರಬ್ಬರದ ಸುದ್ದಿ ಕೇಳ್ತೀಯಲ್ಲೋ. ಕೆಂಪಂದು. ಕಿಟಕಿ ಮೊಳಿಗಿ ಹಾಕೀನಿ, ಬೇಕಾದ್ರ ಬಂದು ತಗೊ.”

ರೈಲು ಬಂತು. ಹತ್ತಿದೆನೋ ಯಾರಾದರೂ ಹತ್ತಿಸಿದರೋ ತಿಳಿಯದು.  ದೇವರಿಲ್ಲ, ಪ್ರಸಾದವಿಲ್ಲ, ಸೀಗಡಿಯೂ ಒಂದು ಪ್ರೋಟೀನು ಎಂದು ಪಾಠ ಮಾಡುವ ಮನುಷ್ಯ ಕಿಟಕಿಯ ಸರಳು ಹಿಡಿದು ಅಯ್ಯನವರು ಎಷ್ಟು ಹಪ್ಪಳ ತಿಂದಿರಬಹುದೆಂದು ಲೆಕ್ಕ ಹಾಕುತ್ತಿದ್ದೆ. ನಾನೇ ಸೀಗಡಿ ತಿಂದಿದ್ದರೆ ಒಂದು ತಮಾಷೆಯ ಕಥೆಯಾಗುತ್ತಿತ್ತು. ಅವ್ವನ ತಾಟಿಗೆ, ಅದರ ಮೂಲಕ ಅಯ್ಯನವರ ತಾಟಿಗೆ ಹೋಯಿತಲ್ಲ! ನನ್ನ ನಾಸ್ತಿಕತೆ ನನ್ನೊಬ್ಬನ ಹೊಟ್ಟೆಗೆ ಮಾತ್ರ ಸಂಬಂಧಿಸಿದ್ದು ಎಂಬುದು ಮಳಖೇಡ ರೋಡ್ ಸ್ಟೇಷನ್ ದಾಟುವ ಹೊತ್ತಿಗೆ ತಿಳಿಯಿತು.

ಚಿತ್ತಾಪುರದಲ್ಲಿ ಇಳಿಯಲಿಲ್ಲ. ವಾಡಿಗೆ ಹೋಗಿ, ಅಲ್ಲಿಂದ ಶಹಾಬಾದಿಗೆ ಹೋದೆ. ಖಾಜಾ ಹಾಸುಗಲ್ಲಿನ ವ್ಯಾಪಾರದವನು, ಪಿಯುಸಿಯಿಂದ ಗೆಳೆಯ. ಬಾಗಿಲಲ್ಲೇ ಅವನ ಮಗಳ ಜಡೆ ಕಂಡಿತು. ತುದಿಗೆ ಹಸಿರು. ಹೊಸ್ತಿಲ ಮೇಲೆಯೇ ನಿಂತೆ. ಆ ಹಪ್ಪಳ ತಿಂದಿರೇನು, ಹೇಗಿತ್ತು ಎಂದು ಕೇಳಿದೆ.

“ಏನ್ ಮಜಾ ಇದ್ವು ಯಾರ್! ಝಿಂಗಾ ಅಂದ್ರ ಝಿಂಗಾ. ಬಾಯಾಗ ಇಟ್ರ ಸಮುದ್ರದ ವಾಸನಿ ಬಂತು.”

“ನೀ ಸಮುದ್ರ ನೋಡೀಯೇನು?”

“ನೋಡಿಲ್ಲ. ಆದ್ರ ವಾಸನಿ ಬಂತು.”

ಇಂಥ ಸಾಕ್ಷಿಯನ್ನು ಇಟ್ಟುಕೊಂಡು ಏನು ಮಾಡುವುದು? ಹಸಿರಿನಲ್ಲಿ ಸೀಗಡಿ ಇತ್ತು ಎಂದಾದರೆ ಕೆಂಪಿನಲ್ಲಿ ಬರೀ ಹಿಟ್ಟು, ಅವ್ವ ಬಚಾವು. ಆದರೆ ಝಿಂಗಾ, ಅಂದರೆ ಸೀಗಡಿ, ಎಂದು ಹೇಳಿ ಕೊಟ್ಟವನು ನಾನೇ. ಹೇಳಿದ್ದಕ್ಕೇ ವಾಸನೆ ಬಂದಿರಬಹುದು. ತೊಗರಿ ಹಪ್ಪಳ ಕೊಟ್ಟು ಝಿಂಗಾ ಎಂದಿದ್ದರೂ ಇವನಿಗೆ ಸಮುದ್ರ ಕಾಣುತ್ತಿತ್ತು. ಕಡೆಗೆ ಅಲ್ಲೇ ಕುಳಿತು ಬು ಶ್ರೀಗೆ ಮೊಬೈಲಿನಲ್ಲಿ ಕೇಳಿದೆ: ಅಮ್ಮಾ, ಸೀಗಡಿ ಇದ್ದದ್ದು ಯಾವುದರಲ್ಲಿ, ಹಸಿರಿನಲ್ಲೋ ಕೆಂಪಿನಲ್ಲೋ?

ಮರುದಿನ ಕಾಲೇಜಿನಲ್ಲಿದ್ದಾಗ ಉತ್ತರ ಬಂತು, ಅವಳದೇ ದನಿಯಲ್ಲಿ, ಹಿಂದೆ ಎಣ್ಣೆಯ ಚುಂಯ್ ಸದ್ದಿನೊಂದಿಗೆ. ಎರಡರಲ್ಲೂ ಎಂದಳು. ಹಸಿರಿನದರಲ್ಲಿ ಹೆಚ್ಚು, ಕೆಂಪಿನದರಲ್ಲಿ ಸ್ವಲ್ಪ ಕಡಿಮೆ. ಹಸಿರಿನದು ನಿನ್ನ ತಾಯಿಗೆಂದು ಆರಿಸಿ ಕಟ್ಟಿದ್ದು. ಸಮುದ್ರ ದಾಟಿ ಒಬ್ಬ ತಾಯಿಗೆ ಹೋಗುವ ಪೊಟ್ಟಣದಲ್ಲಿ ಬರೀ ಹಿಟ್ಟು ತುಂಬಿ ಕಳಿಸಿದರೆ ನನಗೆ ನಾಚಿಕೆಯಾಗುವುದಿಲ್ಲವೇ? ಅವರಿಗೆ ಮಾಂಸ ಆಗದೆಂದು ನನಗೆ ನೆನಪಿದೆ, ಇದೇನು ಮಾಂಸವಲ್ಲವಲ್ಲ, ಉಪ್ಪಿನ ಹಾಗೆ ರುಚಿಗೆ. ನೀನು ಇಲ್ಲಿ ದಿನಾ ತಿನ್ನುತ್ತಿದ್ದದ್ದೂ ಅದೇ, ಖಾರದಲ್ಲೂ ಅದೇ. ಅಮ್ಮನಿಗೆ ಇಷ್ಟವಾಯಿತೇ?

ನಾನು ಆ ದನಿಯನ್ನು ಮತ್ತೆ ಮತ್ತೆ ಕೇಳಿದೆ. ಆ ಕಪ್ಪು ಹುಣಸೆಹಣ್ಣು ಕಣ್ಣ ಮುಂದೆ ಬಂತು. ಎರಡು ವರ್ಷ ನಾನು ಸಸ್ಯಾಹಾರಿಯಾಗಿದ್ದೆ ಎಂಬುದೂ ಬರೀ ನನ್ನ ನೆನಪಷ್ಟೇ ಆಗಿತ್ತು. ಸೂಕ್ಷ್ಮದರ್ಶಕದಲ್ಲಿ ಬೂಸ್ಟಿನ ಎಳೆ ಎಣಿಸಿದವನಿಗೆ ತಟ್ಟೆಯಲ್ಲಿದ್ದ ಸಮುದ್ರ ಕಂಡಿರಲಿಲ್ಲ. ಸಮುದ್ರ ನೋಡದ ಖಾಜಾನಿಗೆ ಒಂದೇ ತುತ್ತಿಗೆ ಕಂಡಿತ್ತು.

ಸುಮ್ಮನಿದ್ದುಬಿಡೋಣ ಎಂದೇ ತೀರ್ಮಾನಿಸಿದ್ದೆ. ಆದರೆ ಅವ್ವ ಉಳಿದರ್ಧ ಪೊಟ್ಟಣವನ್ನು ಅಮಾವಾಸ್ಯೆಗೆಂದು ಎತ್ತಿಟ್ಟಿದ್ದಳು. ಅಂದು ಅಯ್ಯನವರನ್ನು ಮತ್ತೆ ಕರೆಯುವವಳಿದ್ದಳು. ಅಲ್ಲದೆ ಆ ಊರಿನ ಹೆಣ್ಣುಮಗಳಿಗೆ ಹೇಳಿ ಇನ್ನಷ್ಟು ತರಿಸು ಎಂದು ದಿನಾ ನನ್ನ ಬೆನ್ನು ಹತ್ತಿದಳು. ಗುರುವಾರ ಸಂಜೆ ಅವಳು ರೊಟ್ಟಿ ತಟ್ಟುತ್ತಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ.

“ಸೀಗಡಿ ಅಂದ್ರ ಏನು?” ಅಂದಳು, ತಟ್ಟುತ್ತಲೇ.

ಮೊಬೈಲಿನಲ್ಲಿ ಚಿತ್ರ ತೋರಿಸಿದೆ. ಕಾಲು, ಮೀಸೆ, ಕರೀ ಕಣ್ಣು. ತಟ್ಟುವ ಸದ್ದು ನಿಂತಿತು. ನಮ್ಮ ಮನೆಯಲ್ಲಿ ಸಂಜೆ ಆ ಸದ್ದು ನಡುವೆ ನಿಂತದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವಳು ಹಿಟ್ಟಿನ ಕೈಯಿಂದಲೇ ಮೊಬೈಲನ್ನು ಬೋರಲು ಹಾಕಿದಳು, ಒಲೆ ಆರಿಸಿದಳು, ಕೈ ತೊಳೆದಳು. ಬೈಯಲಿಲ್ಲ.  ಅದು ನೀರಿನಲ್ಲಿರುವ ಸಣ್ಣ ಜೀವಿ, ಒಂದು ಪೊಟ್ಟಣದಲ್ಲಿ ಅದರ ಪುಡಿ ಚಿಟಿಕೆಯಷ್ಟೂ ಇರುವುದಿಲ್ಲ ಎಂದು ಏನೇನೋ ಹೇಳತೊಡಗಿದೆ.

“ನಿನ್ನ ವಿದ್ಯಾ ನಿನ್ನ ಕಡೆ ಇರ್ಲಿ,” ಅಂದಳು. “ನಾ ತಿಂದಿದ್ದು ನನ್ನ ಪಾಲಿಂದು, ಹೋಗ್ಲಿ. ಅಯ್ಯನೋರ ತಾಟಿನ್ಯಾಗ ಈ ಕೈಲಿಂದ ಹಾಕೀನಲ್ಲೋ. ಹೋಗಿ ಅವರಿಗಿ ಹೇಳು. ಅವರು ಏನಂತಾರ ಅದು. ಅಲ್ಲೀತನಕ ಈ ಒಲಿ ಹಚ್ಚಂಗಿಲ್ಲ, ನಾ ಉಣ್ಣಂಗಿಲ್ಲ.”

ಅವಳಿಗೆ ಸಕ್ಕರೆ ಕಾಯಿಲೆ. ಊಟವಾದ ಮೇಲೆ ಎರಡು ಹೊತ್ತು ಗುಳಿಗೆ. ಗುಳಿಗೆಯನ್ನಾದರೂ ನುಂಗು ಎಂದು ಕೈಮುಗಿದೆ. ಉಣ್ಣದೆ ನುಂಗಬಾರದೆಂದು ಡಾಕ್ಟರ್ ಹೇಳಿದ್ದಾರೆ ಎಂದು ನನಗೇ ವಿಜ್ಞಾನ ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಬೆಳಗಾಗುತ್ತಲೇ ಗಾಡಿ ತೆಗೆದೆ. ಭಂಕೂರಿನ ದಾರಿಯುದ್ದಕ್ಕೂ ಕಲ್ಲು ಹೇರಿದ ಲಾರಿಗಳು, ಬದಿಗೆ ಪೇರಿಸಿಟ್ಟ ಹಾಸುಗಲ್ಲು, ಗಿಡಗಳ ಮೇಲೆಲ್ಲ ಬಿಳಿ ಧೂಳು. ಅಯ್ಯನವರು ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದರು. ಶರಣು ಮಾಡಿ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಚಿತ್ರ ತೋರಿಸಬೇಕೆ ಎಂದೆ. ಬೇಡ ಎಂದರು. ಹಗ್ಗವನ್ನು ಒಂದು ಸುತ್ತು ಹೊಸೆದು ಕೇಳಿದರು:

“ಅದನ್ನ ಕಟ್ಟಿ ಕೊಟ್ಟ ಹೆಣ್ಮಗಳ ಹೆಸರೇನು ತಮ್ಮಾ?”

“ಶ್ರೀ ಅಂತರಿ.”

“ಶ್ರೀ,” ಅಂದರು, ಹೆಸರನ್ನು ನಾಲಿಗೆಯ ಮೇಲೆ ಇಟ್ಟು ನೋಡಿದವರಂತೆ. “ನಿಮ್ಮವ್ವ ಉಂಡಾಳೇನು?”

“ನಿನ್ನಿ ಸಂಜೀಲಿಂದ ಇಲ್ರಿ.”

“ಗುಳಗಿ?”

“ಇಲ್ರಿ.”

ಹಗ್ಗ ಕೆಳಗಿಟ್ಟು ಎದ್ದರು. ಒಳಗೆ ಹೋಗಿ ಜೋಳಿಗೆ ಹಾಕಿಕೊಂಡು ಬಂದು ಗಾಡಿ ಚಾಲೂ ಮಾಡು ಎಂದರು.  ಪ್ರಾಯಶ್ಚಿತ್ತಕ್ಕೆ ಏನು ಹೇಳುತ್ತಾರೋ, ಅವ್ವ ಅದನ್ನು ಹೇಗೆ ತಾಳುತ್ತಾಳೋ ಎಂದು ನಾನು ಲಾರಿಗಳ ನಡುವೆ ಗಾಡಿ ನುಗ್ಗಿಸುತ್ತಿದ್ದೆ.

ಅವ್ವ ಅವರನ್ನು ಕಂಡು ಎದ್ದು ನಿಂತಳು, ಹತ್ತಿರ ಬರಲಿಲ್ಲ, ಮುಖ ಎತ್ತಲಿಲ್ಲ. ಅಯ್ಯನವರು ಯಾವತ್ತಿನಂತೆ ತಮ್ಮ ಮಣೆಯ ಮೇಲೆ ಕುಳಿತರು.

“ಯವ್ವಾ, ಆ ಸೋಮವಾರ ನಂದು ದವಡಿ ಹಲ್ಲು ಹೊಡದು ಎದ್ದಿತ್ತು. ನೀರು ಸುದ್ದಾ ಇಳೀತಿದ್ದಿಲ್ಲ. ನೀ ಪ್ರೀತಿಲಿಂದ ಹಾಕಿದಿ, ಬ್ಯಾಡ ಅನ್ಲಿಕ್ಕ ಮನಸ ಬರಲಿಲ್ಲ. ಹಪ್ಪಳ ಎಲ್ಲಾ ಜೋಳಿಗ್ಯಾಗ ಇಟ್ಕೊಂಡೆ. ಹಾದ್ಯಾಗ ಕಾಗಿಗೊಳಿಗಿ ಹಾಕಿದೆ. ನಾ ಒಂದು ಚೂರೂ ಮುಟ್ಟಿಲ್ಲ.”

“ಎರಡ ಸಲ ಕೇಳಿ ಹಾಕಿಸ್ಕೊಂಡ್ರಲ್ರಿ ಅಪ್ಪಾರೆ?” ಎಂದಳು ಅವ್ವ, ಕೇಳಲೋ ಬೇಡವೋ ಎನ್ನುವ ದನಿಯಲ್ಲಿ.

“ಕಾಗಿ ಭಾಳ ಅವ ನಮ್ಮ ಊರಾಗ,” ಅಂದರು ಅಯ್ಯನವರು. “ಬಡಸು. ಹಸದು ಬಂದೀನಿ. ಹಲ್ಲು ಇನ್ನಾ ಕುಂತಿಲ್ಲ, ಮೆತ್ತಗಿಂದು ಇರ್ಲಿ.”

ಅವ್ವ ಅವರ ಮುಖವನ್ನೇ ನೋಡಿದಳು. ನಾನೂ ನೋಡಿದೆ. ಅಲ್ಲಿ ಏನೂ ಓದಲು ಸಿಗಲಿಲ್ಲ. ಆಮೇಲೆ ಒಳಗೆ ಒಲೆ ಹೊತ್ತಿದ ಸದ್ದು, ಸ್ವಲ್ಪ ಹೊತ್ತಿಗೆ ತಟ್ಟುವ ಸದ್ದು. ಕೇಳುತ್ತ ಕುಳಿತ ನನಗೆ ಹೋದ ಜೀವ ಬಂದಂತಾಯಿತು. ಅಯ್ಯನವರು ಬಿಸಿ ರೊಟ್ಟಿಯನ್ನು ಬೇಳೆಯಲ್ಲಿ ನೆನೆಯಿಟ್ಟು, ಒಂದೇ ದವಡೆಯಲ್ಲಿ, ಕಣ್ಣು ಕಿರಿದು ಮಾಡಿ ನೋವು ನುಂಗುತ್ತ ಉಂಡರು. ಅವ್ವ ಬಾಗಿಲ ಮರೆಯಿಂದ ಅದನ್ನು ತುತ್ತು ತುತ್ತಾಗಿ ನೋಡಿದಳು. ಪ್ರಸಾದ ತೆಗೆದುಕೊಂಡಳು, ಉಂಡಳು, ಗುಳಿಗೆ ನುಂಗಿದಳು. ಕೆಂಪು ರಬ್ಬರಿನ ಪೊಟ್ಟಣವನ್ನು ಹಿತ್ತಿಲಲ್ಲಿ ಹುಗಿದಳು, ಬಾಣಲೆಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದಳು. ಮುಗಿದ ಮೇಲೆ ಕೈ ಒರೆಸಿಕೊಳ್ಳುತ್ತ ನನಗೆ ಹೇಳಿದಳು:

“ಆ ಹೆಣ್ಮಗಳಿಗಿ ಏನೂ ಅನ್ನಬ್ಯಾಡ. ತಾಯಿಗಿ ಅಂತ ಚಲೋದೇ ಆರಿಸಿ ಕೊಟ್ಟಾಳ. ಹಿಂಡಿ ಕುಟ್ಟಿ ಕೊಡ್ತೀನಿ, ಕಳಸು.”

ಇಷ್ಟು ದಿನ ದಂಗಾದದ್ದೆಲ್ಲ ಒಂದು ತೂಕ, ಈ ಮಾತೇ ಒಂದು ತೂಕ.

ಅಯ್ಯನವರು ಹೊರಟಾಗ ಯಾವತ್ತಿನಂತೆ ಕಡಕ್ ರೊಟ್ಟಿಯ ಗಂಟೊಂದನ್ನು ಜೋಳಿಗೆಗೆ ಹಾಕಿದಳು. ಹಲ್ಲು ಕಡಿಮೆಯಾದ ಮೇಲೆ ಉಣ್ಣಿರಿ ಎಂದಳು. ಆಗಲಿ ಎಂದರು. ನಾನು ಅವರನ್ನು ಹಿಂದೆ ಕೂರಿಸಿಕೊಂಡು ಹೊರಟೆ. ವಾಡಿ ದಾಟಿದ ಮೇಲೆ ರಸ್ತೆ ಸ್ವಲ್ಪ ಖಾಲಿಯಾಯಿತು. ಜೋಳಿಗೆಯ ಸರಬರ ಕೇಳಿಸಿತು. ಆಮೇಲೆ ನನ್ನ ಎಡಗಿವಿಯ ಹಿಂದೆ, ಸ್ಪಷ್ಟವಾಗಿ, ಕಟಂ ಎಂದಿತು. ಹಿಂದೆಯೇ ಇನ್ನೊಂದು ಕಟಂ. ಅಣ್ಣ ಮುರಿಯುತ್ತಿದ್ದನಲ್ಲ ಹಾಗೆ, ಹೆದರಿಕೆಯಿಲ್ಲದ್ದು. ಗಾಡಿ ಒಂದು ಕ್ಷಣ ಹೊಯ್ದಾಡಿತು.

“ಹಲ್ಲು ಹೆಂಗದರಿ ಅಪ್ಪಾರೆ?” ಎಂದೆ, ತಿರುಗದೆ.

“ಯಾವ ಹಲ್ಲು?” ಎಂದರು, ಬಾಯಿ ತುಂಬ ರೊಟ್ಟಿ ಇದ್ದವರ ದನಿಯಲ್ಲಿ. ಸ್ವಲ್ಪ ತಡೆದು, “ಮುಂದ ನೋಡಿ ಗಾಡಿ ಹೊಡಿ,” ಎಂದರು.

ಮುಂದೆ ನೋಡಿ ಗಾಡಿ ಹೊಡೆದೆ. ಭಂಕೂರಿನಲ್ಲಿ ಅವರನ್ನು ಇಳಿಸಿ ಮನೆಗೆ ಬರುವಷ್ಟರಲ್ಲಿ ಅವ್ವ ಶೇಂಗಾ ಹುರಿಯಲು ಇಟ್ಟಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದಳು:

“ಹಾದ್ಯಾಗ ಏನರ ಅಂದ್ರೇನು?”

“ಗಾಳಿ ಭಾಳಿತ್ತವ್ವ,” ಎಂದೆ. “ಏನೂ ಕೇಳಸಲಿಲ್ಲ.”